ಆದಿ ಗಣಕಯಂತ್ರಗಳು ಮತ್ತು ಜನಪದ ಪಠ್ಯ: ಭಟ್ಕಳ, ಹೊನ್ನಾವರ, ಕುಮಟಾಗಳ ನೆಲೆಯಿಂದ ಒಂದು ವಿಮರ್ಶೆ

ಗಣಕಯಂತ್ರಕ್ಕೂ ಜಾನಪದಕ್ಕೂ ಇರುವ ಸಂಬಂಧವನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆಯಲ್ಲಿ ಎರಡು ಧೋರಣೆಗಳು ಎದ್ದು ಕಾಣುತ್ತವೆ. ಗಣಕದ ಮೂಲವನ್ನು ನಮ್ಮ ಪರಂಪರೆಯಲ್ಲಿಯೇ ಗುರುತಿಸಿ ಹೆಮ್ಮೆಪಡುವುದು ಒಂದು. ಚೆನ್ನೆಮಣೆ, ಸಿರಿಭೂವಲಯ, ಸೂತ್ರರೂಪದ ವ್ಯಾಕರಣ ಇವು ಇಲ್ಲಿ ಮತ್ತೆ ಮತ್ತೆ ಎದುರಾಗುವ ನಿದರ್ಶನಗಳು. ಗಣಕವನ್ನು ಬರಿಯ ಕಣಜವೆಂದು ಬಗೆದು, ಸಂಗ್ರಹಿಸಿದ್ದನ್ನೆಲ್ಲ ಅದರೊಳಗೆ ತುಂಬಿದರೆ ಜಾನಪದ ಉಳಿದಂತೆ ಎಂದು ನಂಬುವುದು ಇನ್ನೊಂದು. ಮೊದಲನೆಯದು ಯಂತ್ರದ ಹಿಂದಕ್ಕೆ ನೋಡುತ್ತದೆ, ಎರಡನೆಯದು ಮುಂದಕ್ಕೆ. ಯಂತ್ರದ ಒಳಗೆ ನೋಡುವ ಕೆಲಸ ಎರಡರಲ್ಲಿಯೂ ನಡೆದಿಲ್ಲ. ಆದಿ ಗಣಕಯಂತ್ರಗಳು ರೂಢಿಸಿದ ಕ್ರಮಗಳು ಮುಂದಿನ ತಂತ್ರಜ್ಞಾನದೊಳಗೆ ಹೇಗೆ ಉಳಿದು ಬಂದವು, ಅವು ಹಾಡಿನ ಮತ್ತು ಕಥೆಯ ಪಠ್ಯವನ್ನು ಹೇಗೆ ರೂಪಿಸಿದವು ಎಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮೂರು ತಾಲ್ಲೂಕುಗಳನ್ನು ಆರಿಸಿಕೊಳ್ಳಲು ಕಾರಣವಿದೆ. ಶರಾವತಿ ಮತ್ತು ಅಘನಾಶಿನಿ ನದಿಗಳು ಕಡಲು ಸೇರುವ ಈ ಕಿರಿದಾದ ಕರಾವಳಿಯಲ್ಲಿ ಹಾಲಕ್ಕಿ ಒಕ್ಕಲಿಗರು, ಗೊಂಡರು, ಮುಕ್ರಿಗಳು, ನಾಮಧಾರಿಗಳು, ಅಂಬಿಗರು, ಖಾರ್ವಿಗಳು, ಹವ್ಯಕರು, ಕೊಂಕಣಿ ಮಾತನಾಡುವ ಹಲವು ಸಮುದಾಯಗಳವರು, ಭಟ್ಕಳದ ನವಾಯತರು ಒಬ್ಬರ ನೆರೆಯಲ್ಲೊಬ್ಬರು ಬಾಳುತ್ತ ಬಂದಿದ್ದಾರೆ. ಕನ್ನಡದ ಹಲವು ಉಪಭಾಷೆಗಳು, ಕೊಂಕಣಿಯ ಹಲವು ಬಗೆಗಳು, ನವಾಯತಿ ಇಲ್ಲಿ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಉಚ್ಚಾರಣೆಯ ಇಷ್ಟು ವೈವಿಧ್ಯ ಇರುವೆಡೆಯಲ್ಲಿ, ಬರೆಯುವ ಯಂತ್ರ ಯಾವ ದನಿಗೆ ಜಾಗ ಕೊಟ್ಟಿತು, ಯಾವುದಕ್ಕೆ ಕೊಡಲಿಲ್ಲ ಎಂಬುದು ಬಹುಬೇಗ ಬಯಲಿಗೆ ಬರುತ್ತದೆ.

ಮೊದಲು ಪೂರ್ವಜರ ಹುಡುಕಾಟವನ್ನು ನೋಡಬೇಕು. ಕರಾವಳಿಯಲ್ಲಿ ಚೆನ್ನೆಮಣೆ ಎಂದೂ ಘಟ್ಟದ ಮೇಲೆ ಅಳಗುಳಿಮಣೆ ಎಂದೂ ಕರೆಯುವ ಆಟದ ಮಣೆಯಲ್ಲಿ ಏಳೇಳು ಕುಳಿಗಳ ಎರಡು ಸಾಲು. ಕುಳಿಯೊಂದಕ್ಕೆ ನಾಲ್ಕರಂತೆ 56 ಬೀಜ ಅಥವಾ ಕವಡೆ. ಒಂದು ಕುಳಿಯ ಬೀಜಗಳನ್ನು ಬಾಚಿ ಮುಂದಿನ ಕುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವುದು ಆಟದ ಕ್ರಮ. ನಿಯಮ ಖಚಿತವಾಗಿದೆ, ಪ್ರತಿ ನಡೆಯಲ್ಲಿಯೂ ಮಣೆಯ ಸ್ಥಿತಿ ಬದಲಾಗುತ್ತದೆ, ಮುಂದಿನ ಸ್ಥಿತಿಯನ್ನು ಹಿಂದಿನದರಿಂದ ಲೆಕ್ಕ ಹಾಕಬಹುದು. ಇಷ್ಟನ್ನು ನೋಡಿ ಇದನ್ನು ಗಣಕವೆಂದು ಕರೆಯುವ ಉತ್ಸಾಹ ಹುಟ್ಟುವುದು ಸಹಜವೇ. ಆದರೆ ಲೆಕ್ಕದ ಸಾಧನವಾಗಬೇಕಾದರೆ ಕೊನೆಯ ಸ್ಥಿತಿ ಯಾವುದಾದರೊಂದು ಪ್ರಶ್ನೆಗೆ ಉತ್ತರವಾಗಿ ಓದಲು ಬರಬೇಕು. ಚೆನ್ನೆಮಣೆಯ ಕೊನೆಯ ಸ್ಥಿತಿ ಹೇಳುವುದು ಗೆದ್ದವರು ಯಾರು ಎಂಬುದನ್ನು ಮಾತ್ರ. ಭಟ್ಕಳದಿಂದ ದಕ್ಷಿಣಕ್ಕೆ ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಅಕ್ಕತಂಗಿಯರು ಆಡುವ ಚೆನ್ನೆಯಾಟ ಸಾವಿನಲ್ಲಿ ಮುಗಿಯುತ್ತದೆ. ಪೀಟರ್ ಕ್ಲಾಸ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತುಳು ಪುರಾಣ ಮತ್ತು ಸಂಸ್ಕೃತಿಯೊಳಗೆ ಈ ಆಟಕ್ಕಿರುವ ಸ್ಥಾನವನ್ನು ವಿವರವಾಗಿ ಚರ್ಚಿಸಿದ್ದಾರೆ. ಯಾರು ಯಾರೊಡನೆ ಆಡಬಹುದು, ಯಾವಾಗ ಆಡಬಾರದು ಎಂಬ ಕಟ್ಟಳೆಗಳೇ ಅಲ್ಲಿ ಮುಖ್ಯ. ಬೀಜದ ಎಣಿಕೆಯನ್ನಷ್ಟೇ ಎತ್ತಿಕೊಂಡು ಇದು ನಮ್ಮ ಮೊದಲ ಗಣಕ ಎನ್ನುವವರು ಆಟವನ್ನೂ ಕಳೆದುಕೊಳ್ಳುತ್ತಾರೆ, ಗಣಕವನ್ನೂ ಅರಿಯದೆ ಹೋಗುತ್ತಾರೆ.

ನಿಜವಾದ ಜನಪದ ಗಣನೆ ಮಣೆಯ ಮೇಲಲ್ಲ, ಕಣದಲ್ಲಿ ಮತ್ತು ತೋಟದಲ್ಲಿ ನಡೆಯುತ್ತಿತ್ತು. ತೆಂಗಿನಕಾಯಿ ಎಣಿಸುವವರು ನೂರು ತುಂಬಿದೊಡನೆ ಒಂದು ಕಾಯಿಯನ್ನು ಪಕ್ಕಕ್ಕೆ ತೆಗೆದಿಟ್ಟು ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸುತ್ತಾರೆ. ಕೊನೆಗೆ ಪಕ್ಕದಲ್ಲಿಟ್ಟ ಕಾಯಿಗಳನ್ನು ಎಣಿಸಿದರೆ ನೂರುಗಳ ಲೆಕ್ಕ ಸಿಕ್ಕಿತು. 1642ರಲ್ಲಿ ಪ್ಯಾಸ್ಕಲ್ ತನ್ನ ಕೂಡುವ ಯಂತ್ರದಲ್ಲಿ ಹಲ್ಲುಗಾಲಿಗಳಿಂದ ಸಾಧಿಸಿದ ದಶಕದ ವರ್ಗಾವಣೆಯೂ ತತ್ತ್ವದಲ್ಲಿ ಇದೇ. ಆದರೆ ಭತ್ತ ಅಳೆಯುವವನ ಬಾಯಲ್ಲಿ ಮೊದಲ ಕೊಳಗ ಒಂದು ಎಂದು ಬರುವುದಿಲ್ಲ, ಲಾಭ ಎಂದು ಬರುತ್ತದೆ. ಎರಡರಿಂದ ಮುಂದೆ ಸಂಖ್ಯೆ. ಇಲ್ಲಿ ಎಣಿಕೆ ಎಂಬುದು ಹೊತ್ತು, ಜಾಗ, ಹಾರೈಕೆಗಳೊಡನೆ ಕೂಡಿದ ಕ್ರಿಯೆ. ಯಂತ್ರಕ್ಕೆ ಬೇಕಾದ ಬರಿಯ ಸಂಖ್ಯೆಯನ್ನು ಇದರಿಂದ ಬೇರ್ಪಡಿಸಿ ತೆಗೆಯಬಹುದು, ಆದರೆ ಹಾಗೆ ತೆಗೆದ ಮೇಲೆ ಉಳಿಯುವುದು ಜಾನಪದವಲ್ಲ.

ಸಿರಿಭೂವಲಯದ ವಿಚಾರ ಸ್ವಲ್ಪ ಬೇರೆ. ಕುಮುದೇಂದು ಮುನಿಯದೆಂದು ಹೇಳಲಾದ ಈ ಗ್ರಂಥದಲ್ಲಿ 27 ಅಡ್ಡಸಾಲು, 27 ಉದ್ದಸಾಲುಗಳ 729 ಮನೆಗಳ ಚಕ್ರಗಳಿವೆ. ಒಂದರಿಂದ 64ರವರೆಗಿನ ಅಂಕಿಗಳು ಅಕ್ಷರಗಳಿಗೆ ಸಂಕೇತವಾಗಿವೆ. ಯಲ್ಲಪ್ಪಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ, ಕೆ. ಅನಂತಸುಬ್ಬರಾಯ ಇವರ ಶ್ರಮದಿಂದ 1953ರಲ್ಲಿ ಅದು ಬೆಳಕು ಕಂಡಿತು. ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಕ್ಷರಕ್ಕೆ ಬದಲಾಗಿ ಅಂಕಿಯನ್ನಿಟ್ಟ ಕಾರಣಕ್ಕೆ ಇದನ್ನು ಗಣಕದ ಪೂರ್ವರೂಪವೆನ್ನುವುದುಂಟು. ಹೆಚ್ಚು ಅರ್ಥಪೂರ್ಣವಾದ ಸಂಗತಿ ಬೇರೆಯೇ ಇದೆ, ಅದನ್ನು ಯಾರೂ ಅಷ್ಟಾಗಿ ಎತ್ತಿಲ್ಲ. ಈ ಮೂವರಲ್ಲಿ ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದವರು. ಅಕ್ಷರವನ್ನು ಮನೆಗಳಲ್ಲಿ ಕೂಡಿಸುವ ಸಮಸ್ಯೆಯನ್ನು ಒಬ್ಬನೇ ವ್ಯಕ್ತಿ ಹಳೆಯ ಗ್ರಂಥದಲ್ಲಿಯೂ ಹೊಸ ಯಂತ್ರದಲ್ಲಿಯೂ ಎದುರಿಸಿದ್ದು ಕನ್ನಡದ ತಂತ್ರಜ್ಞಾನ ಚರಿತ್ರೆಯ ಒಂದು ಗಮನಾರ್ಹ ಘಟ್ಟ.

ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಜೈನಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕನು 1604ರಲ್ಲಿ ಪೂರೈಸಿದ ‘ಕರ್ಣಾಟಕ ಶಬ್ದಾನುಶಾಸನ’ ಮೂರನೆಯ ನಿದರ್ಶನ. ಕನ್ನಡ ಭಾಷೆಯ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿದ ಕೃತಿಯಿದು. ಸೂತ್ರಪದ್ಧತಿಯ ಮೂಲಪುರುಷ ಪಾಣಿನಿ. ಗಣಕ ಭಾಷೆಗಳ ವಾಕ್ಯರಚನೆಯನ್ನು ನಿಯಮಗಳಲ್ಲಿ ಬರೆಯುವ ಕ್ರಮವನ್ನು 1959ರಲ್ಲಿ ಜಾನ್ ಬ್ಯಾಕಸ್ ಮುಂದಿಟ್ಟರು. ಅದಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್ಮನ್ ಸೂಚಿಸಿದರು. ಕ್ರಮವನ್ನು ಗಮನಿಸಬೇಕು: ಕ್ರಮ ರೂಪುಗೊಂಡದ್ದು ಮೊದಲು, ಪಾಣಿನಿಯ ನೆನಪು ಬಂದದ್ದು ಎಂಟು ವರ್ಷಗಳ ನಂತರ. ಇದು ಸಾಮ್ಯದ ಗುರುತಿಸುವಿಕೆಯೇ ಹೊರತು ಪ್ರಭಾವದ ಸಾಕ್ಷ್ಯವಲ್ಲ. ಹಾಡುವಳ್ಳಿಯ ಪಂಡಿತನ ಹಿರಿಮೆಗೆ ಇದರಿಂದ ಕುಂದೇನೂ ಇಲ್ಲ. ಸಂಸ್ಕೃತದ ಸೂತ್ರದೊಳಗೆ ಕನ್ನಡದ ಸ್ವಭಾವವನ್ನು ಕೂಡಿಸಿದ ಅವನ ಸಾಧನೆಯನ್ನು ಅದರ ನೆಲೆಯಲ್ಲಿಯೇ ಮೆಚ್ಚಬಹುದು, ಗಣಕದ ಪ್ರಮಾಣಪತ್ರ ಅವನಿಗೆ ಬೇಕಿಲ್ಲ.

ಜಾನಪದ ಅಧ್ಯಯನಕಾರರು ಇಂಥ ಹೋಲಿಕೆಗಳಿಗೆ ಮರುಳಾಗುವುದು ವಿಚಿತ್ರವಾಗಿ ಕಾಣುತ್ತದೆ. ಒಂದೇ ಕಥೆ ಎರಡು ನಾಡುಗಳಲ್ಲಿ ಸಿಕ್ಕಿದಾಗ ಅದು ಅಲ್ಲಿಂದ ಇಲ್ಲಿಗೆ ಪ್ರಸಾರವಾಯಿತೇ ಅಥವಾ ಎರಡು ಕಡೆಗಳಲ್ಲಿಯೂ ಸ್ವತಂತ್ರವಾಗಿ ಹುಟ್ಟಿತೇ ಎಂಬ ಪ್ರಶ್ನೆ ಈ ಶಾಸ್ತ್ರದ ಮೊದಲ ಪಾಠ. ಫಿನ್ನಿಷ್ ಪಂಥದವರು ಪಾಠಾಂತರಗಳನ್ನು ಕಾಲ ಮತ್ತು ಸ್ಥಳಗಳ ಕ್ರಮದಲ್ಲಿ ಜೋಡಿಸಿ ಹಾದಿಯನ್ನು ತೋರಿಸದೆ ಪ್ರಸಾರವನ್ನು ಒಪ್ಪುತ್ತಿರಲಿಲ್ಲ. ಅವರ ವಿಧಾನದ ಮಿತಿಗಳ ಬಗ್ಗೆ ಬಹಳಷ್ಟು ಟೀಕೆ ಬಂದಿದೆ, ನಿಜ. ಆದರೂ ಹಾದಿ ತೋರಿಸಬೇಕೆಂಬ ಅವರ ಹಟವನ್ನು ಬಿಟ್ಟರೆ ಪ್ರಭಾವ ಎಂಬ ಮಾತಿಗೆ ಅರ್ಥವೇ ಉಳಿಯದು.

ಗಣಕಯಂತ್ರದ ವಂಶದಲ್ಲಿ ಹಾದಿ ಸ್ಪಷ್ಟವಾಗಿಯೇ ಇದೆ, ಅದು ನೇಯ್ಗೆಯ ಮಗ್ಗದಿಂದ ಹೊರಡುತ್ತದೆ. 19ನೆಯ ಶತಮಾನದ ಮೊದಲ ದಶಕದಲ್ಲಿ ಫ್ರಾನ್ಸಿನ ಜಕಾರ್ಡ್ ಮಗ್ಗದ ವಿನ್ಯಾಸವನ್ನು ರಂಧ್ರಗಳಿರುವ ಕಾರ್ಡುಗಳ ಸರದಿಂದ ನಿಯಂತ್ರಿಸಿದನು. ಚಾರ್ಲ್ಸ್ ಬ್ಯಾಬೇಜ್ ತಾನು ಯೋಜಿಸಿದ ವಿಶ್ಲೇಷಕ ಯಂತ್ರಕ್ಕೆ ಆ ಕಾರ್ಡುಗಳನ್ನೇ ತೆಗೆದುಕೊಂಡನು. ಯಂತ್ರ ಪೂರ್ಣವಾಗಲಿಲ್ಲ. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹಾಲರಿತ್ ರಂಧ್ರಕಾರ್ಡುಗಳನ್ನು ಬಳಸಿದನು. 1928ರಲ್ಲಿ ಐಬಿಎಂ ಸಂಸ್ಥೆ ಕಾರ್ಡಿನಲ್ಲಿ 80 ಅಂಕಣಗಳನ್ನು ನಿಗದಿಪಡಿಸಿತು. ಅಂಕಣವೊಂದಕ್ಕೆ ಒಂದು ಅಕ್ಷರ. ಕಾರ್ಡುಗಳು ಹೋಗಿ ಗಾಜಿನ ಪರದೆ ಬಂದಾಗಲೂ ಸಾಲಿಗೆ 80 ಅಕ್ಷರಗಳೇ ಉಳಿದವು, ಅದಕ್ಕೆ ಪರದೆಯ ಕಡೆಯಿಂದ ಯಾವ ಕಾರಣವೂ ಇರಲಿಲ್ಲ. 1963ರ ಆಸ್ಕಿ ಸಂಕೇತಕ್ರಮದ 128 ಮನೆಗಳಲ್ಲಿ ಕೊನೆಯದು ಅಳಿಸುವ ಗುರುತಿಗೆ ಮೀಸಲಾಯಿತು. ಕಾಗದದ ಪಟ್ಟಿಯಲ್ಲಿ ಒಮ್ಮೆ ಕೊರೆದ ರಂಧ್ರವನ್ನು ಮುಚ್ಚಲು ಬಾರದು, ಆದ್ದರಿಂದ ತಪ್ಪಿದ ಅಕ್ಷರದ ಏಳು ಸ್ಥಾನಗಳನ್ನೂ ಕೊರೆದುಬಿಟ್ಟರೆ ಅದು ಅಳಿದಂತೆ ಎಂದು ಯಂತ್ರ ತಿಳಿಯುತ್ತಿತ್ತು. ಕಾಗದದ ಪಟ್ಟಿ ಮಾಯವಾಗಿ ದಶಕಗಳು ಕಳೆದರೂ ಆ ಮನೆ ಅಲ್ಲಿಯೇ ಇದೆ. 1871ರಲ್ಲಿ ಇ.ಬಿ. ಟೈಲರ್ ಹಳೆಯ ನಂಬಿಕೆಗಳ ವಿಚಾರದಲ್ಲಿ ಹೇಳಿದ ಅವಶೇಷ ತತ್ತ್ವಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗುವುದು ಕಷ್ಟ. ಜನಪದ ಆಚರಣೆಗಳಿಗೆ ಆ ತತ್ತ್ವವನ್ನು ಅನ್ವಯಿಸುವುದನ್ನು ವಿದ್ವಾಂಸರು ಸಕಾರಣವಾಗಿಯೇ ಕೈಬಿಟ್ಟರು. ಯಂತ್ರಗಳಿಗೆ ಅದು ಇನ್ನೂ ಸಲ್ಲುತ್ತದೆ.

ಹೀಗೆ ಆದಿ ಯಂತ್ರಗಳು ಮುಂದಿನ ತಂತ್ರಜ್ಞಾನಕ್ಕೆ ಬಿಟ್ಟುಹೋದದ್ದು ವೇಗವನ್ನಲ್ಲ, ಮನೆಗಳ ಕಲ್ಪನೆಯನ್ನು. ಪ್ರತಿಯೊಂದು ಚಿಹ್ನೆಗೂ ಮೊದಲೇ ಗೊತ್ತುಪಡಿಸಿದ ಒಂದು ಮನೆ ಇರಬೇಕು, ಮನೆಯಿಲ್ಲದ್ದು ಬರಹದಲ್ಲಿ ಇಲ್ಲ. ಜನಪದ ಅಧ್ಯಯನ ಈ ಕಲ್ಪನೆಗೆ ಬಹುಬೇಗ ಒಗ್ಗಿಕೊಂಡಿತು. ಆಂಟಿ ಆರ್ನೆ 1910ರಲ್ಲಿ ಕಥೆಗಳನ್ನು ವರ್ಗಸಂಖ್ಯೆಗಳಿಗೆ ಇಳಿಸಿದಾಗ, ಸ್ಟಿತ್ ಥಾಂಪ್ಸನ್ 1932ರಿಂದ 1936ರವರೆಗೆ ಆಶಯ ಸೂಚಿಯನ್ನು ಹೊರತಂದಾಗ ಗಣಕ ಇನ್ನೂ ಹುಟ್ಟಿರಲಿಲ್ಲ. ಆದರೂ ಆ ಸೂಚಿಗಳು ಕಾರ್ಡಿನ ಪೆಟ್ಟಿಗೆಯಲ್ಲಿ ಹುಟ್ಟಿದವೇ. ಭಾರತದ ಕಥೆಗಳಿಗೆ 1960ರಲ್ಲಿ ಥಾಂಪ್ಸನ್ ಮತ್ತು ರಾಬರ್ಟ್ಸ್ ಸಿದ್ಧಪಡಿಸಿದ ವರ್ಗಸೂಚಿಯೂ ಇದೇ ಜಾಡಿನದು. ಕ್ಲಾಡ್ ಲೆವಿಸ್ಟ್ರಾಸ್ 1955ರಲ್ಲಿ ಪುರಾಣಗಳ ರಾಚನಿಕ ಅಧ್ಯಯನವನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದ ಕೊನೆಯ ಭಾಗದಲ್ಲಿ, ಪಾಠಾಂತರಗಳು ಹೆಚ್ಚಿದಂತೆ ರಂಧ್ರಕಾರ್ಡುಗಳೂ ಐಬಿಎಂ ಯಂತ್ರಗಳೂ ಬೇಕಾಗುತ್ತವೆ ಎಂಬ ಮಾತನ್ನು ಹೇಳಿದ್ದಾರೆ. ಕನ್ನಡದಲ್ಲಿ ಲೆವಿಸ್ಟ್ರಾಸ್ ಸಿದ್ಧಾಂತದ ಪರಿಚಯ ಮಾಡಿಕೊಟ್ಟ ಬರಹಗಳು ದ್ವಂದ್ವಗಳ ಬಗ್ಗೆ ಸಾಕಷ್ಟು ಹೇಳಿವೆ, ಈ ಯಂತ್ರದ ಮಾತನ್ನು ಹಾರಿಸಿಕೊಂಡು ಹೋಗಿವೆ. ಅದು ಆಕಸ್ಮಿಕ ಉಲ್ಲೇಖವಲ್ಲ. ಪುರಾಣವನ್ನು ಚಿಕ್ಕ ವಾಕ್ಯಗಳಾಗಿ ಒಡೆದು, ಒಂದೊಂದನ್ನು ಒಂದೊಂದು ಕಾರ್ಡಿನಲ್ಲಿ ಬರೆದು, ಅಡ್ಡಕ್ಕೂ ಉದ್ದಕ್ಕೂ ಜೋಡಿಸುವ ಅವರ ವಿಧಾನವೇ ಕಾರ್ಡಿನ ಆಕಾರದಲ್ಲಿತ್ತು.

ಮುಂದಿನ ದಶಕದಲ್ಲಿ ಗಣಕ ನೇರವಾಗಿಯೇ ಬಂದಿತು. ಅಲನ್ ಡಂಡೆಸ್ 1965ರಲ್ಲಿ ಗಣಕ ಮತ್ತು ಜನಪದ ಕಥೆಗಳ ಬಗ್ಗೆ ಲೇಖನ ಬರೆದರು. ಕಥೆಯ ಘಟಕವನ್ನು ಯಾವ ನೆಲೆಯಲ್ಲಿ ಗುರುತಿಸಬೇಕು ಎಂಬ ಅವರ 1962ರ ಪ್ರಶ್ನೆ ಇದಕ್ಕೆ ಹಿನ್ನೆಲೆ. ಪಿಯರ್ ಮರಾಂಡಾ 1967ರಲ್ಲಿ ಪುರಾಣಗಳ ಯಾಂತ್ರಿಕ ವಿಶ್ಲೇಷಣೆಯನ್ನು ಚರ್ಚಿಸಿದರು. 1968ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಸಂಗಡಿಗರು ಜಗತ್ತಿನ ನಾನಾ ಭಾಗಗಳ ಜನಪದ ಗಾಯನವನ್ನು 37 ಮಾನಗಳಲ್ಲಿ ಅಳೆದು ಗಣಕಕ್ಕೆ ಊಡಿಸಿದ ಕ್ಯಾಂಟೊಮೆಟ್ರಿಕ್ಸ್ ಅಧ್ಯಯನವನ್ನು ಪ್ರಕಟಿಸಿದರು. ಹಾಡುವ ಶೈಲಿಯಿಂದ ಸಮಾಜದ ರಚನೆಯನ್ನು ಊಹಿಸುವ ಲೋಮ್ಯಾಕ್ಸರ ತೀರ್ಮಾನಗಳು ಬಹುಮಟ್ಟಿಗೆ ಅವಸರದವು, ಅವುಗಳನ್ನು ಒಪ್ಪಬೇಕಾಗಿಲ್ಲ. ಆದರೆ ಅವರ ಮಾನಗಳ ಪಟ್ಟಿಯ ಮೊದಲಲ್ಲೇ ಇರುವ ಒಂದು ಅಂಶ ಉತ್ತರ ಕನ್ನಡದ ಸಂದರ್ಭದಲ್ಲಿ ತುಂಬ ಮಹತ್ವದ್ದು. ಹಾಡುವವರ ಗುಂಪಿನ ರಚನೆ ಹೇಗಿದೆ, ಮುಮ್ಮೇಳದ ದನಿಯೂ ಹಿಮ್ಮೇಳದ ದನಿಯೂ ಸರದಿಯಲ್ಲಿ ಬರುತ್ತವೆಯೇ, ಒಂದರ ಮೇಲೊಂದು ಹಾಯುತ್ತವೆಯೇ ಎಂಬುದನ್ನು ಅವರ ಕಾರ್ಡು ದಾಖಲಿಸುತ್ತಿತ್ತು.

ಹಾಲಕ್ಕಿ ಹೆಂಗಸರು ಎರಡು ಗುಂಪಾಗಿ ಹಾಡುವಾಗ ಮೊದಲ ಗುಂಪಿನ ಸಾಲು ಮುಗಿಯುವ ಮೊದಲೇ ಎರಡನೆಯ ಗುಂಪು ಅದರ ಬಾಲವನ್ನು ಹಿಡಿದುಕೊಳ್ಳುವುದುಂಟು. ಎರಡು ದನಿಗಳು ಒಂದಿಷ್ಟು ದೂರ ಜೊತೆಯಾಗಿ ಸಾಗುತ್ತವೆ. ಹಾಡಿಗೆ ಉಸಿರುಗಟ್ಟದ ಓಟ ಬರುವುದು ಇಲ್ಲಿಂದಲೇ. ಸಂಗ್ರಹಗಳಲ್ಲಿ ಈ ಹಾಯುವಿಕೆಯ ಗುರುತು ಕಾಣುವುದು ಅಪರೂಪ. ಕುಮಟಾದ ಡಾ. ಎಲ್.ಆರ್. ಹೆಗಡೆ, ಹೊನ್ನಾವರದ ಡಾ. ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ಮೊದಲಾದವರು ಕೇರಿ ಕೊಪ್ಪಗಳನ್ನು ಸುತ್ತಿ ಈ ಜಿಲ್ಲೆಯ ಹಾಡು ಕಥೆಗಳನ್ನು ಕೂಡಿಹಾಕಿದ ಸಾಧನೆ ದೊಡ್ಡದು. ಅವರ ದುಡಿಮೆ ಇಲ್ಲದಿದ್ದರೆ ಇಂದು ಚರ್ಚೆಗೆ ಪಠ್ಯವೇ ಇರುತ್ತಿರಲಿಲ್ಲ. ಮಾತನ್ನು ಉಳಿಸುವುದು ಆ ತಲೆಮಾರಿನ ಮೊದಲ ಕಾಳಜಿಯಾಗಿತ್ತು, ಅದು ಸರಿಯೂ ಹೌದು. ಅಚ್ಚಿನ ಪುಟದಲ್ಲಿ ಒಂದು ಸಾಲು ಮುಗಿದ ಮೇಲೆಯೇ ಇನ್ನೊಂದು ಸಾಲು. ಪಲ್ಲವಿಯನ್ನು ಒಮ್ಮೆ ಕೊಟ್ಟು ಮುಂದೆ ಬಿಡುವುದೂ ವಾಡಿಕೆ. ಗಣಕ ಬಂದಾಗ ಈ ಕೊರತೆ ತುಂಬಬೇಕಿತ್ತು. ಆದದ್ದು ಬೇರೆ. 1990ರ ದಶಕದಿಂದ ಬಂದ ಗಣಕ ಅಕ್ಷರಜೋಡಣೆ ಅಚ್ಚಿನ ಪುಟವನ್ನೇ ಅನುಕರಿಸಿತು. 1968ರ ಒರಟು ಕಾರ್ಡಿನಲ್ಲಿ ಹಾಯುವ ದನಿಗೆ ಇದ್ದ ಮನೆ, ಅದಕ್ಕಿಂತ ಸಾವಿರಪಾಲು ಸಮರ್ಥವಾದ ಯಂತ್ರದ ಪುಟದಲ್ಲಿ ಇಲ್ಲವಾಯಿತು. ತಂತ್ರಜ್ಞಾನ ಮುಂದುವರಿದಂತೆ ಪಠ್ಯ ಶ್ರೀಮಂತವಾಗುತ್ತದೆಂಬ ನಂಬಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಭಾರತಕ್ಕೆ ಗಣಕ ಬಂದದ್ದು ಲೆಕ್ಕದ ಯಂತ್ರವಾಗಿ. 1955ರಲ್ಲಿ ಕೋಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇಂಗ್ಲೆಂಡಿನಿಂದ ಒಂದು ಗಣಕವನ್ನು ತರಿಸಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಕಟ್ಟಿದ ಟಿಫ್ರಾಕ್ 1960ರಲ್ಲಿ ಕೆಲಸ ಆರಂಭಿಸಿತು. ಅವುಗಳಲ್ಲಿ ಭಾರತದ ಅಕ್ಷರಗಳಿಗೆ ಎಡೆಯಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಕನ್ನಡದ ಮಟ್ಟಿಗೆ ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಕೀಲಿಮಣೆ ದೊಡ್ಡ ತಿರುವು. ಬೆರಳಚ್ಚು ಯಂತ್ರ ಅಕ್ಷರದ ಆಕಾರವನ್ನು ತುಂಡುಮಾಡಿ ಕೀಲಿಗಳಿಗೆ ಹಂಚಿತ್ತು: ತಲಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಕೆ.ಪಿ. ರಾವ್ ಆಕಾರವನ್ನು ಯಂತ್ರಕ್ಕೆ ಬಿಟ್ಟು ದನಿಯನ್ನು ಕೀಲಿಗೆ ಕೊಟ್ಟರು. ವ್ಯಂಜನದ ಮೇಲೆ ಸ್ವರ ಒತ್ತಿದರೆ ಗುಣಿತ, ಎರಡು ವ್ಯಂಜನಗಳ ನಡುವೆ ಕೊಂಡಿಯ ಕೀಲಿ ಒತ್ತಿದರೆ ಒತ್ತಕ್ಷರ. ಹಳ್ಳಿಯ ಶಾಲೆಯಲ್ಲಿ ಮಕ್ಕಳು ರಾಗವಾಗಿ ಒಪ್ಪಿಸುವ ಕಾಗುಣಿತದ ತರ್ಕವೇ ಇದು. ಕಾಗುಣಿತ ಮೂಲತಃ ಬಾಯಿಪಾಠದ ಶಾಸ್ತ್ರ, ಅದನ್ನು ಯಂತ್ರದೊಳಗೆ ಮರಳಿ ತಂದದ್ದು ಇಡೀ ಚರಿತ್ರೆಯಲ್ಲಿ ಮೌಖಿಕ ಪರಂಪರೆಗೆ ಸಂದ ಅಪರೂಪದ ಗೆಲುವು.

ಆದರೆ ಬೆರಳಿಗೆ ಬಂದ ದನಿ ಉಗ್ರಾಣಕ್ಕೆ ಬರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಮುದ್ರಣಾಲಯಗಳಲ್ಲಿ ‘ಶ್ರೀಲಿಪಿ’ ಇವು ಕನ್ನಡದ ಬರವಣಿಗೆಗೆ ಮಾಡಿದ ಉಪಕಾರವನ್ನು ಮರೆಯಲಾಗದು. ಆ ಕಾಲದ ಅಕ್ಷರಶೈಲಿಗಳಲ್ಲಿ ಇದ್ದುದು 256 ಮನೆಗಳು, ಅದರಲ್ಲಿ ಅರ್ಧ ಆಸ್ಕಿಗೆ ಸೇರಿದ್ದವು. ಕನ್ನಡದ ಅಕ್ಷರಗಳನ್ನು ಮತ್ತೆ ಆಕಾರಗಳಾಗಿ ತುಂಡರಿಸಿ ಇಂಗ್ಲಿಷಿನ ಚಿಹ್ನೆಗಳ ಮನೆಗಳಲ್ಲಿ ಬಾಡಿಗೆಗೆ ಇರಿಸಬೇಕಾಯಿತು. ಪರಿಣಾಮವಾಗಿ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಸುಗ್ಗಿಯ ಹಾಡು ಅರ್ಥಹೀನ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಪರಿವರ್ತಕ ತಂತ್ರಾಂಶಗಳು ಬಂದಿವೆ, ಈ ಭಾಗದ ಕಷ್ಟ ಬಹುಪಾಲು ತೀರಿದೆ. ತೀರದೆ ಉಳಿದಿರುವುದು ಇನ್ನೊಂದು.

ಕುಮಟಾ ಹೊನ್ನಾವರಗಳ ಕನ್ನಡದಲ್ಲಿ ಅವನು ಎನ್ನಲು ‘ಅಂವ’ ಎನ್ನುತ್ತಾರೆ. ಇಲ್ಲಿಯ ಸೊನ್ನೆ ‘ಅಂಬ’ ಎಂಬಲ್ಲಿಯ ಸೊನ್ನೆಯಲ್ಲ. ಅಂಬ ಎಂಬಲ್ಲಿ ತುಟಿ ಮುಚ್ಚಿ ಮಕಾರ ಬರುತ್ತದೆ, ಅಂವ ಎಂಬಲ್ಲಿ ತುಟಿ ಮುಚ್ಚುವುದಿಲ್ಲ, ಅಕಾರವೇ ಮೂಗಿನಲ್ಲಿ ಹಾಯುತ್ತದೆ. ಕೊಂಕಣಿಯಲ್ಲಂತೂ ಇದು ಹೆಜ್ಜೆಹೆಜ್ಜೆಗೂ ಎದುರಾಗುವ ದನಿ. ನಾನು ಎಂಬ ಅರ್ಥದ ‘ಹಾಂವ್’, ಊರು ಎಂಬ ಅರ್ಥದ ‘ಗಾಂವ್’, ಕಾಲು ಎಂಬ ಅರ್ಥದ ‘ಪಾಂಯ್’ ಇವುಗಳಲ್ಲಿರುವುದು ಅನುಸ್ವಾರವಲ್ಲ, ಅನುನಾಸಿಕ ಸ್ವರ. ಕನ್ನಡ ಲಿಪಿಯಲ್ಲಿ ಬರೆಯುವವರು ಎರಡಕ್ಕೂ ಒಂದೇ ಸೊನ್ನೆಯನ್ನು ಬಳಸುವುದು ರೂಢಿ. ಊರವರಿಗೆ ತೊಡಕಿಲ್ಲ, ಅವರು ಓದುವುದು ಕಿವಿಯ ನೆನಪಿನಿಂದ. ಬೆಂಗಳೂರಿನ ಗ್ರಂಥಾಲಯದಲ್ಲಿ ಕುಳಿತ ಸಂಶೋಧಕ ಅದನ್ನು ಅಮ್ವ, ಹಾಮ್ವ್ ಎಂದೇ ಓದಿಕೊಳ್ಳುತ್ತಾನೆ.

ಈ ಕೊರತೆಯ ಹೊಣೆಯನ್ನೆಲ್ಲ ಗಣಕದ ತಲೆಗೆ ಕಟ್ಟುವುದು ಅನ್ಯಾಯ. ಅಚ್ಚುಮೊಳೆಯ ಕಾಲದಲ್ಲಿಯೇ ಸೊನ್ನೆ ಒಂದಾಗಿತ್ತು. ಗಣಕ ಮಾಡಿದ್ದೆಂದರೆ ಅದನ್ನು ಮಾನಕವಾಗಿ ಗಟ್ಟಿಗೊಳಿಸಿದ್ದು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಪ್ರಕಟಿಸಿದ ಇಸ್ಕಿ ಸಂಕೇತಕ್ರಮ ಬ್ರಾಹ್ಮೀಮೂಲದ ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟನ್ನು ಹಾಕಿತು. ಕೆಳಗಿನ ಅರ್ಧ ಆಸ್ಕಿಯದು, ಮೇಲಿನ ಅರ್ಧ ನಮ್ಮದು. ಅದೇ ವರ್ಷ ಬಂದ ಯೂನಿಕೋಡ್, ಇಸ್ಕಿಯ 1988ರ ರೂಪವನ್ನು ಆಧರಿಸಿ ಪ್ರತಿ ಲಿಪಿಗೂ 128 ಮನೆಗಳ ಒಂದು ಕೇರಿಯನ್ನು ಕೊಟ್ಟಿತು. ಆಸ್ಕಿಯಲ್ಲಿದ್ದುದೂ 128. ಅನುನಾಸಿಕವನ್ನು ತೋರಿಸುವ ಚಂದ್ರಬಿಂದು ದೇವನಾಗರಿಯ ಕೇರಿಯಲ್ಲಿ ಎರಡನೆಯ ಮನೆಯಲ್ಲಿದೆ. ಕನ್ನಡದ ಕೇರಿಯಲ್ಲಿ ಅದೇ ಎರಡನೆಯ ಮನೆ 2014ರವರೆಗೆ ಖಾಲಿಯಾಗಿತ್ತು. ಕನ್ನಡಕ್ಕೆ ಅದು ಬೇಡವೆಂದು ತೀರ್ಮಾನಿಸಿದವರ ಕಣ್ಣೆದುರು ಇದ್ದುದು ಶಿಷ್ಟ ಕನ್ನಡ. 2014ರಲ್ಲಿ ಚಂದ್ರಬಿಂದು ಬಂದದ್ದೂ ಸಂಸ್ಕೃತ ಪಾಠಗಳ ಅಗತ್ಯಕ್ಕಾಗಿ. ಕೊಂಕಣಿ ಮತ್ತು ಹವಿಗನ್ನಡಗಳ ಅನುನಾಸಿಕವನ್ನು ಬರೆಯಲು ಅಕ್ಷರದ ಬಲಮೇಲ್ಬದಿಯಲ್ಲಿ ಕೂರುವ ಬಿಂದುವಿಗೆ ಕನ್ನಡದ ಕೇರಿಯಲ್ಲಿ ಮನೆ ದೊರೆತದ್ದು 2022ರ ಯೂನಿಕೋಡ್ 15ನೆಯ ಆವೃತ್ತಿಯಲ್ಲಿ. ಇಡೀ ಚರ್ಚೆಯಲ್ಲಿ ಈ ಎರಡು ಇಸವಿಗಳ ನಡುವಿನ ಎಂಟು ವರ್ಷಗಳಷ್ಟು ಸ್ಪಷ್ಟವಾಗಿ ಮಾತನಾಡುವ ಬೇರೆ ಸಂಗತಿಯಿಲ್ಲ.

ಭಟ್ಕಳದ ಪೇಟೆಯ ನಿದರ್ಶನವನ್ನು ಇದರ ಪಕ್ಕದಲ್ಲಿಡಬಹುದು. ಕೊಂಕಣಿಯ ನಂಟಿರುವ, ಅರಬ್ಬಿ ಫಾರಸಿ ಪದಗಳನ್ನು ಒಡಲಲ್ಲಿಟ್ಟುಕೊಂಡ ನವಾಯತಿಯನ್ನು ಉರ್ದು ಮಾದರಿಯ ಲಿಪಿಯಲ್ಲಿ ಬರೆಯುತ್ತಾರೆ. ಆ ಲಿಪಿಯಲ್ಲಿ ಅನುನಾಸಿಕಕ್ಕೆ ನೂನ್ ಗುನ್ನಾ ಎಂಬ ಪ್ರತ್ಯೇಕ ಅಕ್ಷರವೇ ಇದೆ, ಯೂನಿಕೋಡ್‌ನ ಆರಂಭದ ಆವೃತ್ತಿಗಳಿಂದಲೇ ಅದಕ್ಕೆ ಮನೆಯಿತ್ತು. ಆ ಲಿಪಿಯ ಕಷ್ಟ ಬೇರೆಯದು. ನಸ್ತಾಲಿಕ್ ಬರವಣಿಗೆಯ ಓರೆಯಾಗಿ ಇಳಿಯುವ ಜೋಡಣೆಗಳು ಯಾವ ಮನೆಯೊಳಗೂ ಹಿಡಿಸದೆ, 1981ರಲ್ಲಿ ನೂರಿ ನಸ್ತಾಲಿಕ್ ಬರುವವರೆಗೂ ಉರ್ದು ಪತ್ರಿಕೆಗಳು ಖುಷ್‌ನವೀಸರ ಕೈಬರಹವನ್ನೇ ನೆಚ್ಚಿಕೊಂಡಿದ್ದವು. ಒಂದೇ ಪೇಟೆಯಲ್ಲಿ, ನೆಂಟ ಭಾಷೆಗಳೆರಡರಲ್ಲಿ, ಒಂದರ ಮೂಗಿನ ದನಿಗೆ ಯಂತ್ರದಲ್ಲಿ ಜಾಗವಿತ್ತು, ಇನ್ನೊಂದರದಕ್ಕೆ ಮೂರು ದಶಕ ಇರಲಿಲ್ಲ. ಲಿಪಿಯ ಆಯ್ಕೆ ಧರ್ಮದ್ದೋ ಚರಿತ್ರೆಯದೋ ಆಗಿರಬಹುದು, ಅದರ ಫಲವನ್ನು ನಿರ್ಧರಿಸಿದ್ದು ದೂರದ ಸಮಿತಿಯ ಕೋಷ್ಟಕ.

ಮನೆ ಸಿಕ್ಕಿದರೂ ಹೆಸರು ಸರಿಯಾಗಿರುತ್ತದೆಂದಿಲ್ಲ. ಹಳಗನ್ನಡದ ೞಕಾರಕ್ಕೆ ಯೂನಿಕೋಡ್ ಕೋಷ್ಟಕದಲ್ಲಿ ಇಂಗ್ಲಿಷಿನಲ್ಲಿ ‘ಫ’ ಎಂಬ ಹೆಸರು ಬಿದ್ದಿದೆ. ತಪ್ಪೆಂದು ಎಲ್ಲರೂ ಒಪ್ಪಿದ್ದಾರೆ, ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಆ ಮಾನಕದ ನಿಯಮ. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯವನ್ನು ಇನ್ನೊಂದು ಪ್ರತಿಯಿಂದ ತಿದ್ದಲು ಸಂಪಾದಕನಿಗೆ ಅವಕಾಶವಿತ್ತು. ಇಲ್ಲಿ ಅದೂ ಇಲ್ಲ. ಕೊರೆದ ರಂಧ್ರವನ್ನು ಮುಚ್ಚಲಾಗದ ಕಾಗದದ ಪಟ್ಟಿಯ ಸ್ವಭಾವ ಇಲ್ಲಿಯೂ ಮುಂದುವರಿದಿದೆ.

ಈಗ ಮುಂದಿರುವ ಕೆಲಸದ ಸ್ವರೂಪವನ್ನು ನೋಡಬಹುದು. ನುಡಿ, ಬರಹ, ಶ್ರೀಲಿಪಿಗಳಲ್ಲಿ ಜೋಡಿಸಿದ ಈ ಜಿಲ್ಲೆಯ ಹಾಡುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ತಂತ್ರಾಂಶ ಪ್ರತಿಯೊಂದು ಸೊನ್ನೆಯನ್ನೂ ಸೊನ್ನೆಯಾಗಿಯೇ ದಾಟಿಸುತ್ತದೆ. 2022ರ ಹೊಸ ಬಿಂದು ಎಲ್ಲಿ ಕೂರಬೇಕೆಂದು ಅದಕ್ಕೆ ತಿಳಿಯದು. ವಕಾರ, ಯಕಾರಗಳ ಮುಂದಿರುವ ಸೊನ್ನೆಯನ್ನು ನಿಯಮದಿಂದ ಊಹಿಸಿಕೊಳ್ಳಬಹುದು. ಉಳಿದೆಡೆಗಳಲ್ಲಿ, ಅದರಲ್ಲಿಯೂ ಹಾಡಿನಲ್ಲಿ ಸ್ವರವನ್ನು ಎಳೆದಾಗ ಸೇರುವ ಮೂಗಿನ ನಾದದಲ್ಲಿ, ಬರೆದ ಪಠ್ಯದಿಂದ ಏನನ್ನೂ ತಿಳಿಯಲಾಗದು. ಧ್ವನಿಸುರುಳಿಯನ್ನೇ ಕೇಳಬೇಕು. ಕೇಳಿದ ಮೇಲೂ ಸಂದೇಹ ಬಂದರೆ ಹಾಡಿದವರನ್ನು, ಅವರಿಲ್ಲದಿದ್ದರೆ ಅವರೊಡನೆ ದನಿಗೂಡಿಸಿದವರನ್ನು ಕೇಳಬೇಕು. ಹಾಲಕ್ಕಿ ಹಾಡುಗಳ ದೊಡ್ಡ ಭಂಡಾರವಾಗಿದ್ದ ನೆರೆಯ ಅಂಕೋಲೆಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ದನಿ ಧ್ವನಿಮುದ್ರಣಗಳಲ್ಲಿದೆ, ಸಂದೇಹಕ್ಕೆ ಉತ್ತರ ಹೇಳುತ್ತಿದ್ದ ಬಾಯಿ ಇಲ್ಲ. ಹಾಯುವ ದನಿಗಳನ್ನು ಜೋಡಿಸಾಲಿನಲ್ಲಿ ತೋರಿಸುವುದು, ಪಲ್ಲವಿಯನ್ನು ಕತ್ತರಿಸದೆ ಪೂರ್ತಿಯಾಗಿ ಕೊಡುವುದು, ಅನುನಾಸಿಕವನ್ನು ಅನುಸ್ವಾರದಿಂದ ಬೇರ್ಪಡಿಸುವುದು ಈ ಮೂರನ್ನೂ ಈಗಿನ ಯಂತ್ರ ಮಾಡಬಲ್ಲದು. ಹೊನ್ನಾವರದ ಕೇರಿಯೊಂದರಲ್ಲಿ ಸುಗ್ಗಿಯ ಮುಂಚೆ ಅಭ್ಯಾಸಕ್ಕೆ ಕೂರುವ ಹೆಂಗಸರ ನಡುವೆ ಧ್ವನಿಸುರುಳಿಯನ್ನಿಟ್ಟು, ಯಾವ ಸೊನ್ನೆಯಲ್ಲಿ ತುಟಿ ಮುಚ್ಚುತ್ತದೆ, ಯಾವುದರಲ್ಲಿ ಇಲ್ಲ ಎಂದು ಸಾಲುಸಾಲಾಗಿ ಗುರುತು ಹಾಕಿಕೊಳ್ಳುವ ಕೆಲಸವನ್ನು ಮಾತ್ರ ಅದು ಮಾಡಲಾರದು.